ಇಂಗುಗುಂಡಿಗೆ ಚರಂಡಿಯಲ್ಲೇನು ಕೆಲಸ?

ಹೊಸ ಬಡಾವಣೆಯ ಮಳೆನೀರು ಚರಂಡಿಯ ನಕ್ಷೆಯನ್ನು ಇಂಜಿನಿಯರ್ ನೀಲಾಂಬಿಕೆ ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದಳು. ದೊಡ್ಡ ಕಾಂಕ್ರೀಟ್ ಪೈಪನ್ನು ಎಳೆದಾದ ಮೇಲೆ ಪಾರ್ಕಿನ ಮೂಲೆಯಲ್ಲಿ ಒಂದು ಚಿಕ್ಕ ಗುಂಡಿ ಬರೆದಳು.

“ಯಾರು ನೀನು?” ಎಂದಿತು ಪೈಪು.

“ಇಂಗುಗುಂಡಿ.”

“ಇಂಗೇ? ಹಾಗಾದರೆ ಸಾರಿನ ಪಾತ್ರೆಗೆ ಹೋಗು. ಚರಂಡಿಗೆ ಒಗ್ಗರಣೆ ಬೇಕಿಲ್ಲ. ಬಿದ್ದ ಮಳೆಯನ್ನೆಲ್ಲ ನಾನೊಬ್ಬನೇ ಸಾಗಿಸುತ್ತೇನೆ.”

“ಸಾಗಿಸಿ ತೋರಿಸಣ್ಣ.”

ನೀಲಾಂಬಿಕೆ ಗುಂಡಿಯನ್ನು ಲೆಕ್ಕಕ್ಕೆ ಸೇರಿಸದೆ, ಒಂದು ಗಂಟೆಯ ಜಡಿಮಳೆಯನ್ನು ನಕ್ಷೆಯ ಮೇಲೆ ಸುರಿಸಿ ನೋಡಿದಳು. ಪೈಪು ಕಂಠಮಟ್ಟ ತುಂಬಿ ಉಕ್ಕಿತು. ತಗ್ಗಿನಲ್ಲಿದ್ದ ಅಂಗನವಾಡಿ ಮುಳುಗಿ, ಪರದೆಯ ಮೇಲೆ ಕೆಂಪಾಯಿತು.

“ತಪ್ಪು ಮಳೆಯದು,” ಎಂದು ಪೈಪು ಗೊಣಗಿತು. “ನನ್ನನ್ನು ಇನ್ನೂ ದಪ್ಪ ಮಾಡಲಿ.”

ನೀಲಾಂಬಿಕೆ ಪೈಪನ್ನು ಮುಟ್ಟಲಿಲ್ಲ. ರಸ್ತೆಯ ಅಂಚಿನುದ್ದಕ್ಕೂ ಇನ್ನೂ ನಲವತ್ತು ಗುಂಡಿ ಬರೆದು, ಎಲ್ಲವನ್ನೂ ಸೇರಿಸಿ, ಅದೇ ಮಳೆಯನ್ನು ಮತ್ತೆ ಸುರಿಸಿದಳು. ಪೈಪು ಬಾಯಿ ತೆರೆದು ಕಾದೇ ಕಾಯಿತು. ಬಂದ ನೀರು ಅದರ ಅರ್ಧ ಹೊಟ್ಟೆಗೂ ಸಾಲಲಿಲ್ಲ. ಅಂಗನವಾಡಿ ಹಸಿರಾಯಿತು.

“ಅಷ್ಟು ಮಳೆ ಎಲ್ಲಿ ಹೋಯಿತು?” ಎಂದು ಪೈಪು ಕೇಳಿತು.

“ಇಂಗಿತು!” ಎಂದವು ನಲವತ್ತೊಂದು ಗುಂಡಿಗಳೂ ಒಟ್ಟಿಗೆ.

“ಬೇಜಾರಾಗಬೇಡಣ್ಣ,” ಎಂದಿತು ಪಾರ್ಕಿನ ಗುಂಡಿ. “ನಮಗೆ ಮಿಕ್ಕಿದ್ದನ್ನು ಸಾಗಿಸಲು ನೀನೇ ಬೇಕು. ಸಾರೇ ಇಲ್ಲದಿದ್ದರೆ ಇಂಗು ಯಾರಿಗೆ ಬೇಕು?”

ಪೈಪಿಗೆ ಆ ಹೆಸರಿನ ಅರ್ಥ ಆಗ ಹೊಳೆಯಿತು. ತೆರೆದ ಬಾಯಿ ತೆರೆದಂತೆಯೇ, ಇಂಗು ತಿಂದ ಮಂಗನ ಹಾಗೆ ನಿಂತುಬಿಟ್ಟಿತು.