ಪ್ಲಗಿನ್ ಪುಟದಲ್ಲಿ ಫೋನ್ ನಂಬರು

ಮೈಸೂರಿನ ಒಂದು ಕಂಪನಿ ವೆಬ್‌ಸೈಟ್ ಕಟ್ಟುವ ತಂತ್ರಾಂಶ ಮಾಡಿ ಹಂಚುತ್ತಿತ್ತು. ಅದಕ್ಕೆ ಹೊಸ ಹೊಸ ಕೆಲಸ ಕಲಿಸುವ ಪ್ಲಗಿನ್‌ಗಳನ್ನೆಲ್ಲ ಬರೆದವನು ಭಾರ್ಗವ. ಅವನ್ನು ಬಳಸುವುದು ಹೇಗೆ ಅಂತ ಮಾತ್ರ ಎಲ್ಲೂ ಒಂದು ಸಾಲು ಬರೆದಿರಲಿಲ್ಲ.

ಒಂದು ಶುಕ್ರವಾರ ಮ್ಯಾನೇಜರು ಕಂಪನಿಯ ವೆಬ್‌ಸೈಟು ನೋಡಿಕೊಳ್ಳುವ ಗುಣವತಿಯನ್ನು ಕರೆದರು. "ಸಂಜೆಯೊಳಗೆ ಪ್ರತಿ ಪ್ಲಗಿನ್ನಿಗೂ ಒಂದು ವಿವರಣೆ ಪುಟ ಇರಬೇಕು. ಇಲ್ಲದಿದ್ದರೆ ಸೋಮವಾರ ನೀವು ಬರೋದೇ ಬೇಡ."

ಗುಣವತಿ ಭಾರ್ಗವನನ್ನು ಕೇಳಿದಳು. ಅವನು ತಲೆಯನ್ನೂ ಎತ್ತಲಿಲ್ಲ.

"ಪುಟ ಯಾಕ್ರೀ? ನನ್ನ ಕೋಡೇ ಮಾತಾಡುತ್ತೆ. ಅರ್ಥವಾಗದ ದಡ್ಡರು ನನಗೆ ಫೋನ್ ಮಾಡಲಿ."

"ಹಾಗಂತಲೇ ಹಾಕಿಬಿಡಲಾ ಸರ್?"

"ಧಾರಾಳವಾಗಿ ಹಾಕಿ."

ಹಾಕಿದಳು. ಪ್ರತಿ ಪ್ಲಗಿನ್ನಿಗೂ ಒಂದು ಪುಟ, ಪ್ರತಿ ಪುಟಕ್ಕೂ ಒಂದೇ ಸಾಲು: "ಬಳಸುವ ವಿಧಾನಕ್ಕೆ ಭಾರ್ಗವ ಅವರಿಗೆ ಫೋನ್ ಮಾಡಿ." ಕೆಳಗೆ ನಂಬರು. ಪುಟಗಳು ಇವೆಯೇ ಅಂತಷ್ಟೇ ನೋಡಿ ಮ್ಯಾನೇಜರು ಮನೆಗೆ ಹೋದರು.

ಭಾನುವಾರ ಭಾರ್ಗವ ಭಾವಮೈದುನನ ಮದುವೆಯಲ್ಲಿ ಊಟಕ್ಕೆ ಕೂತಿದ್ದ. ಎಲೆಗೆ ಹೋಳಿಗೆ ಬಿತ್ತು, ಫೋನೂ ಬಂತು. ಧಾರವಾಡದವರೊಬ್ಬರಿಗೆ ಫೋಟೋ ಪ್ಲಗಿನ್ ಬಳಸುವುದು ತಿಳಿದಿರಲಿಲ್ಲ. ಅವರಿಗೆ ಹೇಳಿ ಮುಗಿಸುವಷ್ಟರಲ್ಲಿ ಕಾರ್ಕಳದವರು. ತುಪ್ಪ ಬಡಿಸುವವನು ಮುಂದೆ ಹೋದ. ಪಂಕ್ತಿಯವರೆಲ್ಲ ಕೈ ತೊಳೆಯಲು ಎದ್ದರೂ ಇವನು "ಅಲ್ಲ ಸರ್, ಆ ಫೈಲ್ ಅಲ್ಲ" ಅನ್ನುತ್ತಲೇ ಇದ್ದ.

ಸೋಮವಾರ ಗುಣವತಿ ಬರುವ ಮೊದಲೇ ಅವನು ಆಫೀಸಿನಲ್ಲಿ ಕೂತು ವಿವರಣೆ ಪುಟಗಳನ್ನು ಬರೆಯುತ್ತಿದ್ದ, ಉದಾಹರಣೆ ಚಿತ್ರಗಳ ಸಮೇತ. ಕೊನೆಯ ಪುಟವನ್ನೂ ಮುಗಿಸಿ, "ಈಗಲಾದರೂ ನನ್ನ ನಂಬರು ತೆಗೀರಿ ಮಹಾರಾಯ್ತಿ" ಅಂದ.

"ತೆಗೀತೀನಿ ಸರ್. ನಿಮ್ಮ ಕೋಡ್ ಮಾತಾಡುತ್ತೆ, ನಿಜ. ಏನ್ಮಾಡೋದು, ಅದು ಫೋನ್ ಎತ್ತಲ್ಲ."