ತೂತು ಗಡಿಗೆಯ ದ್ಯಾಮಕ್ಕ

ಯಾವ ಕಾಲವೋ ಹೇಳಲಾರೆ, ನನ್ನ ತಾತನ ತಾತನೂ ಹುಟ್ಟಿರಲಿಲ್ಲ. ಒಂದು ಊರು. ಊರಿನ ಮಣ್ಣೆಲ್ಲ ಗೌಡನದು. ಕಲ್ಲು ಒಡೆಯುವ ನಮ್ಮವರಿಗೆ ಬರೀ ಬಂಡೆ. ಬಂಡೆಯ ಮೇಲೆ ಕೇರಿ. ಹಿತ್ತಿಲು ಅಂದರೆ ಏನು ಅಂತಲೇ ಗೊತ್ತಿಲ್ಲ. ಒಂದು ಹಿಡಿ ಸೊಪ್ಪು ಬೇಕೆಂದರೆ ಹೆಂಗಸರು ಗೌಡನ ತೋಟದಲ್ಲಿ ದಿನವಿಡೀ ಕಳೆ ಕೀಳಬೇಕು. ಒಂದು ಹಿಡಿಗೆ ಒಂದು ದಿನ!

ಆ ಕೇರಿಯಲ್ಲಿ ದ್ಯಾಮಕ್ಕ ಅಂತ ಇದ್ದಳಂತೆ. ಕೆರೆಯಿಂದ ನೀರು ತರುವಾಗ ಸೆರಗಿನಲ್ಲಿ ಗೋಡುಮಣ್ಣು ಕಟ್ಟಿಕೊಂಡು ಬರುವಳಂತೆ. ಬಾಯಿ ಮುಕ್ಕಾದ ಗಡಿಗೆಗೆ ತುಂಬುವಳಂತೆ. ಮೊದಲ ಸಲ ನೀರು ನಿಂತು ಬೇರು ಕೊಳೆಯಿತು. ಆಮೇಲೆ ಗಡಿಗೆಯ ತಳಕ್ಕೆ ತೂತು ಹೊಡೆದಳು. ಮೆಂತ್ಯ ಬಂತು, ದಂಟು ಬಂತು, ಕೆಮ್ಮಿಗೆ ದೊಡ್ಡಪತ್ರೆ ಬಂತು. ಒಂದು ಗಡಿಗೆಯ ಸೋರೆಬಳ್ಳಿ ಕೇರಿಗೆಲ್ಲ ಚಪ್ಪರವಾಯಿತು ಅಂತಾರೆ. ನಾನು ಕಂಡಿಲ್ಲ. ಹಂಗಂತಾರೆ.

ಹೆಂಗಸರು ಕಳೆಗೆ ಹೋಗುವುದು ಬಿಟ್ಟರು. ಗೌಡನಿಗೆ ಉರಿ ಎದ್ದಿತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಬೇರೆ ಹೇಳಿದ. ನಮ್ಮಲ್ಲಿ ಗಡಿಗೆಗೆ ತೂತು ಹೊಡೆಯುವುದು ಚಿತೆ ಸುತ್ತುವಾಗ ಮಾತ್ರ. "ಮನೆ ಮುಂದೆ ಹೆಣದ ಗಡಿಗೆ ಇಟ್ಟವ್ಳೆ, ಊರಿಗೆ ಕೇಡು," ಅಂದ. ಆಳುಗಳನ್ನು ಕಳಿಸಿ ಒಡೆಸಿದ. ಅವಳ ಸೊಪ್ಪು ತಿಂದ ಕೇರಿಯವರು, ನಮ್ಮವರೇ, ಗೋಡೆಗೆ ಒರಗಿ ನೋಡಿದರಂತೆ. ಈಗ ಅವಳ ಹೆಸರಿಗೆ ಕೈ ಮುಗೀತಾರೆ. ಥೂ!

ದ್ಯಾಮಕ್ಕ ಒಂದೇ ಮಾತಂದಳಂತೆ: "ಗೌಡ್ರೇ, ತೂತಿಲ್ಲದ ಗಡಿಗೇಲಿ ಬೇರು ಕೊಳೀತದೆ. ನಿಮ್ಮ ಹೊಟ್ಟೇನೂ ಹಂಗೇ ಆಗೈತೆ."

ಆಮೇಲೆ ಒಡೆದ ಗಡಿಗೆಗಳ ಚೂರು, ಬೋಕಿಗಳನ್ನು ಆಯ್ದಳು. ಒಂದೊಂದು ಬೋಕಿಗೆ ಹಿಡಿ ಮಣ್ಣು, ಮುರಿದ ದೊಡ್ಡಪತ್ರೆಯ ಒಂದು ಕಡ್ಡಿ. ಸುಮ್ಮನೆ ನೋಡಿದವರ ಬಾಗಿಲು ಬಾಗಿಲಿಗೂ ಇಟ್ಟು ಬಂದಳು. ಬಯ್ಯಲಿಲ್ಲ. ಅವರಿಗೆ ನಾಚಿಕೆಯಾಯಿತು, ನೀರು ಹಾಕಿದರು. ಕಡ್ಡಿ ಚಿಗುರಿತು. ಬೋಕಿ ಸಾಲದಾದಾಗ ಅವರೇ ತಮ್ಮ ಗಡಿಗೆಗಳಿಗೆ ತೂತು ಹೊಡೆದರು. ಒಬ್ಬಳ ಗಡಿಗೆ ಒಡೆಸಿದವನು ಕೇರಿಯ ಗಡಿಗೆಯನ್ನೆಲ್ಲ ಒಡೆಸಲಾರದೆ ಹೋದ. ಅವನ ತೋಟದಲ್ಲಿ ಕಳೆ ಆಳೆತ್ತರ ಬೆಳೆಯಿತು ಅಂತಾರೆ. ಬೆಳೀಲಿ.

ನಮ್ಮ ಕೇರಿಯಲ್ಲಿ ಇವತ್ತಿಗೂ ಯಾರಾದರೂ ಸತ್ತರೆ, ಮೂರನೇ ದಿನ ಬಾಗಿಲಲ್ಲಿ ತೂತು ಗಡಿಗೆ ಇಟ್ಟು ದೊಡ್ಡಪತ್ರೆ ನೆಡುತ್ತೇವೆ. ಹೊರಗಿನವರು ಅಪಶಕುನ ಅಂತಾರೆ. ಅನ್ನಲಿ. ಹೋದ ತಿಂಗಳು ನನ್ನ ಹೆಂಡತಿಗೂ ನೆಟ್ಟೆ. ನೀರು ಹಾಕಿದರೆ ಅಡಿಯಿಂದ ಸೋರುತ್ತದೆ. ಸೋರುವುದು ನಿಲ್ಲುವವರೆಗೂ ಅಲ್ಲೇ ಕೂತಿರುತ್ತೇನೆ.