ಎಮ್ಮೆಯ ಆಯಾಸ

ಕುದುರೆ, ಹುಂಜ ಮತ್ತು ಎಮ್ಮೆ ಸ್ನೇಹಿತರು. ಮೂವರೂ ಮೊದಲ ಬಾರಿಗೆ ಎತ್ತರದ ಬೆಟ್ಟವೊಂದನ್ನು ಹತ್ತಲು ಹೊರಟರು. ಹುಂಜ ಈ ಸುದ್ದಿಯನ್ನು ನಸುಕಿನಲ್ಲೇ ಊರಿಗೆಲ್ಲ ಕೂಗಿ ಹೇಳಿತ್ತು. ತುದಿಯಿಂದ ಸಮುದ್ರ ಕಾಣುತ್ತದೆಂದು ಕೇಳಿದ್ದ ಎಮ್ಮೆಗೆ ಅದನ್ನೊಮ್ಮೆ ನೋಡುವ ಆಸೆ.

ಅರ್ಧ ದಾರಿಯಲ್ಲಿ ಕುದುರೆಯ ಬಾಯಲ್ಲಿ ನೊರೆ ಬಂತು. ಹುಂಜ ಕಲ್ಲಿನ ಮೇಲೆ ಕೂತು ರೆಕ್ಕೆ ಇಳಿಬಿಟ್ಟಿತು.

“ಪಾಪ, ಎಮ್ಮೆಯಕ್ಕನಿಗೆ ಸುಸ್ತಾಗಿದೆ,” ಎಂದಿತು ಕುದುರೆ.

“ನನಗೇನೂ ಆಗಿಲ್ಲವಲ್ಲ,” ಎಂದಿತು ಎಮ್ಮೆ, ಮೆಲುಕು ಹಾಕುತ್ತಾ.

“ನಮ್ಮ ಹತ್ತಿರ ಎಂಥ ಸಂಕೋಚ ಅಕ್ಕ? ನಿನ್ನನ್ನು ಬಿಟ್ಟು ಹೋಗುವಷ್ಟು ಕಟುಕರಲ್ಲ ನಾವು,” ಎಂದು ಹುಂಜ ಅದರ ಬೆನ್ನೇರಿ ಕೂತಿತು. ಮೂವರೂ ಬೆಟ್ಟ ಇಳಿದರು.

ಊರವರು ಕೇಳಿದಾಗ ಕುದುರೆ ನಿಟ್ಟುಸಿರಿಟ್ಟಿತು: “ಇನ್ನೇನು ತುದಿ ಮುಟ್ಟುತ್ತಿದ್ದೆವು. ಎಮ್ಮೆಯಕ್ಕನ ಕೈಲಿ ಆಗಲಿಲ್ಲ.” ಊರು ಕುದುರೆಯ ದೊಡ್ಡ ಮನಸ್ಸನ್ನು ಹೊಗಳಿ ಹುರುಳಿ ತಿನ್ನಿಸಿತು.

ಮರುವರ್ಷ ಇಬ್ಬರೂ ಎಮ್ಮೆಯನ್ನು ಮತ್ತೆ ಬೆಟ್ಟಕ್ಕೆ ಕರೆಯಲು ಬಂದರು.

“ನನ್ನಿಂದ ನಿಮಗೇಕೆ ತೊಂದರೆ? ನೀವಿಬ್ಬರೇ ಹೋಗಿಬನ್ನಿ,” ಎಂದಿತು ಎಮ್ಮೆ.

ಹುಂಜಕ್ಕೆ ಗಾಬರಿಯಾಯಿತು. “ಹಾಗನ್ನಬೇಡಕ್ಕ! ನೀನು ಬರದಿದ್ದರೆ ನಾವು ತುದಿಯವರೆಗೂ ಹತ್ತಬೇಕಾಗುತ್ತದೆ.”